ಮಾರಿದ ಮನೆಯನ್ನು ಕೊಂಡವರ ಕೈಗೆ ಒಪ್ಪಿಸುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆ ಮುಗಿದು, ಕರಾರು ಆಗಿ, ಕೀಲಿ ಕೊಡುವ ದಿನವೂ ಗೊತ್ತಾಗಿದೆ ಅಂದುಕೊಳ್ಳಿ. ಅಲ್ಲಿಂದ ಕೀಲಿ ಕೈಬಿಡುವವರೆಗೆ ಮಾರಿದವರ ಪಾಲಿಗೆ ಬರುವ ಕೆಲಸಗಳ ಬಗ್ಗೆ ಇಲ್ಲಿ ಬರೆದಿದ್ದೇವೆ. ತೆರಿಗೆ, ನೋಂದಣಿ, ಸಾಲದ ಋಣಮುಕ್ತಿ ಪತ್ರ ಇವೆಲ್ಲ ಒಂದೊಂದು ಕಡೆ ಒಂದೊಂದು ಥರ. ಅವನ್ನು ನಿಮ್ಮ ವಕೀಲರ ಹತ್ತಿರವೇ ಕೇಳಿ. ನಲ್ಲಿ, ಬೀಗ, ಗೋಡೆಯ ತೂತು, ಮೀಟರು ಎಲ್ಲ ಕಡೆಯೂ ಒಂದೇ.

ತಯಾರಿ ಯಾವಾಗ ಶುರು ಮಾಡಬೇಕು?

ಕೀಲಿ ಕೊಡುವ ದಿನಕ್ಕೆ 6 ವಾರ ಮುಂಚೆ ಶುರು ಮಾಡಿದರೆ ಉಸಿರಾಡಲು ಜಾಗ ಇರುತ್ತದೆ. ಮೊದಲ ಎರಡು ವಾರ ಅಟ್ಟ, ಉಗ್ರಾಣ, ಮಂಚದ ಕೆಳಗಿನ ಸಾಮಾನು. ಆಮೇಲೆ ರಿಪೇರಿ. ಕೊನೆಯ ಎರಡು ವಾರ ಪ್ಯಾಕಿಂಗ್ ಮತ್ತು ಕಾಗದಪತ್ರ.

ಆದರೆ ಇದಕ್ಕಿಂತ ಮುಖ್ಯವಾದದ್ದು ಒಂದಿದೆ: ಸಾಮಾನು ಸಾಗಿಸುವ ದಿನವೂ ಕೀಲಿ ಕೊಡುವ ದಿನವೂ ಒಂದೇ ಆಗಬಾರದು. ನಡುವೆ ಎರಡು ದಿನವಾದರೂ ಇರಲಿ, ಮೂರಿದ್ದರೆ ಇನ್ನೂ ಒಳ್ಳೆಯದು. ಮನೆಯ ನಿಜವಾದ ಸ್ಥಿತಿ ಕಾಣುವುದು ಅದು ಖಾಲಿಯಾದ ಮೇಲೆಯೇ. ಬೀರು ಸರಿಸಿದಾಗ ಅದರ ಹಿಂದೆ ಗೋಡೆ ಬೂಷ್ಟು ಹಿಡಿದಿರುತ್ತದೆ. ಫ್ರಿಜ್ ಎಳೆದಾಗ ನೆಲದ ಮೇಲೆ ತುಕ್ಕಿನ ನಾಲ್ಕು ಗುರುತು. ಸೋಫಾದ ಹಿಂದಿನ ಸಾಕೆಟ್ ಒಡೆದು ವರ್ಷವಾಗಿರುತ್ತದೆ, ನಿಮಗೇ ನೆನಪಿರುವುದಿಲ್ಲ. ಸಾಗಿಸುವವರು ಮೆಟ್ಟಿಲ ತಿರುವಿನಲ್ಲಿ ಬಾಗಿಲ ಚೌಕಟ್ಟಿಗೆ ಬೀರು ತಾಗಿಸುವುದೂ ಅದೇ ದಿನ. ಬೆಳಿಗ್ಗೆ ಲಾರಿ, ಮಧ್ಯಾಹ್ನ ಕೀಲಿ ಅಂತ ಇಟ್ಟುಕೊಂಡವರಿಗೆ ಇದನ್ನೆಲ್ಲ ನೋಡಲೂ ಸಮಯವಿಲ್ಲ, ಸರಿಪಡಿಸಲೂ ಸಮಯವಿಲ್ಲ.

ಏನನ್ನು ಒಯ್ಯಬಹುದು, ಏನನ್ನು ಬಿಡಬೇಕು?

ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಬಿಚ್ಚಲು ಸ್ಕ್ರೂಡ್ರೈವರ್, ಸ್ಪ್ಯಾನರ್ ಬೇಕಾಗುವ ವಸ್ತು ಮನೆಯ ಭಾಗ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದದ್ದು ನಿಮ್ಮದು ಎಂಬುದು ಸಾಮಾನ್ಯ ತಿಳಿವಳಿಕೆ. ಅದರ ಪ್ರಕಾರ ಗೋಡೆ ಕಪಾಟು, ಗೀಸರ್, ಸಿಂಕ್, ಕರ್ಟನ್ ರಾಡ್, ಗೋಡೆಗೆ ಕೂರಿಸಿದ ಕನ್ನಡಿ ಉಳಿಯುತ್ತವೆ. ಮೇಜು, ಮಂಚ, ಕುಂಡದ ಗಿಡ ನಿಮ್ಮ ಜೊತೆ ಬರುತ್ತವೆ. ನೆಲದಲ್ಲಿ ನೆಟ್ಟ ಗಿಡ ಉಳಿಯುತ್ತದೆ.

ಎಸಿ, ವಾಟರ್ ಫಿಲ್ಟರ್, ಇನ್ವರ್ಟರ್, ಫ್ಯಾನ್, ಅಲಂಕಾರದ ದೀಪ, ಚಿಮಣಿ, ಗೋಡೆಗೆ ತೂಗುಹಾಕಿದ ಟಿವಿಯ ಸ್ಟ್ಯಾಂಡ್: ಇವಕ್ಕೆ ಈ ನಿಯಮ ಸಾಲದು. ಒಬ್ಬೊಬ್ಬರು ಒಂದೊಂದು ಥರ ತಿಳಿದಿರುತ್ತಾರೆ. ಕೋಣೆವಾರು ಪಟ್ಟಿ ಮಾಡಿ, ಒಂದೊಂದರ ಮುಂದೂ ‘ಉಳಿಯುತ್ತದೆ’ ಅಥವಾ ‘ಹೋಗುತ್ತದೆ’ ಎಂದು ಬರೆದು, ಎರಡೂ ಕಡೆಯವರು ಸಹಿ ಹಾಕಿ ಕರಾರಿಗೆ ಲಗತ್ತಿಸಿ. ಬಾಯಿಮಾತಿನಲ್ಲಿ ‘ಎಲ್ಲ ಇದ್ದ ಹಾಗೇ ಬಿಡ್ತೀವಿ’ ಅಂದರೆ ಕೊಂಡವರ ತಲೆಯಲ್ಲಿ ಅವರು ಮನೆ ನೋಡಲು ಬಂದ ದಿನದ ಚಿತ್ರವೇ ಇರುತ್ತದೆ. ಆ ದಿನ ಹಾಲ್‌ನಲ್ಲಿ ತೂಗುದೀಪ ಇದ್ದಿತ್ತು ಎಂಬುದನ್ನು ಅವರು ಮರೆಯುವುದಿಲ್ಲ.

ದೀಪ ಒಯ್ಯುವುದೇ ಆದರೆ ಬರಿ ವೈರ್ ನೇತಾಡಿಸಿ ಹೋಗಬೇಡಿ. ಅಲ್ಲಿ ಒಂದು ಹೋಲ್ಡರ್ ಮತ್ತು ಬಲ್ಬ್ ಇರಲಿ. ಉಳಿದ ಬಲ್ಬ್‌ಗಳನ್ನೂ ಬಿಟ್ಟುಬಿಡಿ. ಲಕ್ಷಗಟ್ಟಲೆಯ ವ್ಯವಹಾರ ಮುಗಿಸಿ ಬಚ್ಚಲ ಬಲ್ಬ್ ಕಳಚಿಕೊಂಡು ಹೋಗುವವರಿದ್ದಾರೆ. ಕೊಂಡವರು ಕತ್ತಲಲ್ಲಿ ಮೊದಲ ಸಲ ಬಾಗಿಲು ತೆಗೆದಾಗ ಅವರನ್ನು ಏನೆಂದು ನೆನೆಸಿಕೊಳ್ಳುತ್ತಾರೆ ಎಂದು ಹೇಳಬೇಕಾಗಿಲ್ಲ.

ಮಾರಿಯಾದ ಮೇಲೂ ರಿಪೇರಿ ಮಾಡಿಸಬೇಕೇ?

ಕರಾರಿನಲ್ಲಿ ಮಾಡಿಸಿಕೊಡುತ್ತೇವೆ ಎಂದು ಬರೆದದ್ದನ್ನು ಮಾಡಿಸಲೇಬೇಕು. ಬಿಲ್ ಇಟ್ಟುಕೊಂಡು ಅದರ ಪ್ರತಿ ಕೊಡಿ. ಕೊಂಡವರು ನೋಡಿದ ದಿನ ಸರಿಯಿದ್ದು ಆಮೇಲೆ ಕೆಟ್ಟದ್ದನ್ನೂ ನೀವೇ ಸರಿಪಡಿಸುವುದು ನ್ಯಾಯ. ಮೊದಲಿನಿಂದಲೂ ಹಾಗೇ ಇದ್ದದ್ದು, ಉದಾಹರಣೆಗೆ ಸೀಳಿದ ಟೈಲ್, ಅವರು ಕಂಡು ಒಪ್ಪಿದ್ದರೆ ಮುಟ್ಟಬೇಡಿ. ನೀವು ಹಾಕಿಸುವ ಟೈಲ್ ಬಣ್ಣದಲ್ಲಿ ಹೊಂದದೆ ಮತ್ತೊಂದು ತಕರಾರು ಹುಟ್ಟುತ್ತದೆ.

ಮಳೆಗಾಲದಲ್ಲಿ ಮಾತ್ರ ಸೋರುವ ಮೂಲೆ, ಬೇಸಿಗೆಯಲ್ಲಿ ಮಾತ್ರ ಬಿರಿಯುವ ಗೋಡೆ, ಒಟ್ಟಿಗೆ ಎರಡು ಹೀಟರ್ ಹಾಕಿದರೆ ಬೀಳುವ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನಾಗಿ ಆಫ್ ಆಗುವ ಸ್ವಿಚ್): ಇಂಥವನ್ನು ಮುಚ್ಚಿಡಬೇಡಿ. ಮೊದಲ ಮಳೆಗೇ ಬಯಲಾಗುತ್ತದೆ. ಗೊತ್ತಿದ್ದೂ ಹೇಳಲಿಲ್ಲ ಎಂಬುದು ಹಲವು ದೇಶಗಳಲ್ಲಿ ಮಾರಿದವರ ಮೇಲೆ ದಾವೆ ಹೂಡಲು ಸಾಕಾಗುವ ಕಾರಣ.

ಗೋಡೆಯ ತುಂಬ ಮೊಳೆ, ಸ್ಕ್ರೂ ತೂತುಗಳಿವೆ. ಹೇಗೆ ಮುಚ್ಚುವುದು?

ಮೊಳೆ ಕೀಳುವಾಗ ಸುತ್ತಿಗೆಯ ಸೀಳುಬಾಲವನ್ನು ನೇರ ಗೋಡೆಗೆ ಒತ್ತಿದರೆ ಗಾರೆ ಚಕ್ಕೆ ಏಳುತ್ತದೆ. ಕೆಳಗೆ ಒಂದು ತೆಳು ಹಲಗೆ ತುಂಡು ಕೊಡಿ. ಪ್ಲಾಸ್ಟಿಕ್ ಪ್ಲಗ್ ತೆಗೆಯಲು ಅದರೊಳಗೆ ಸ್ಕ್ರೂವನ್ನು ನಾಲ್ಕೈದು ಸುತ್ತು ಮಾತ್ರ ತಿರುಗಿಸಿ, ಸ್ಕ್ರೂ ತಲೆಯನ್ನು ಇಕ್ಕಳದಲ್ಲಿ ಹಿಡಿದು ನೇರಕ್ಕೆ ಎಳೆಯಿರಿ. ಬರದಿದ್ದರೆ ಹಟ ಬೇಡ. ಪ್ಲಗ್‌ನ ತುಟಿಯನ್ನು ಬ್ಲೇಡಿನಲ್ಲಿ ಕತ್ತರಿಸಿ, ಉಳಿದದ್ದನ್ನು 5 ಮಿಲಿಮೀಟರ್ ಒಳಕ್ಕೆ ತಳ್ಳಿಬಿಡಿ.

ತೂತಿನ ಧೂಳು ತೆಗೆದು, ಒದ್ದೆ ಬ್ರಷ್ ಆಡಿಸಿ, ಆಮೇಲೆ ಪುಟ್ಟಿ ತುಂಬಿ. ಒಣ ಗಾರೆ ಪುಟ್ಟಿಯ ನೀರನ್ನು ಹೀರಿಕೊಂಡರೆ ಪುಟ್ಟಿ ಹಿಡಿಯದೆ ಪುಡಿಯಾಗಿ ಉದುರುತ್ತದೆ, ಅದಕ್ಕೇ ಒದ್ದೆ ಮಾಡುವುದು. ಆಳದ ತೂತಿಗೆ ಒಂದೇ ಸಲ ತುಂಬಿದರೆ ಒಣಗುವಾಗ ಕುಗ್ಗಿ ನಡುವೆ ಗುಳಿ ಬೀಳುತ್ತದೆ. ಇವತ್ತು ಮುಕ್ಕಾಲು ಭಾಗ, ನಾಳೆ ಉಳಿದದ್ದು, ಅದೂ ಗೋಡೆಗಿಂತ ಕೂದಲೆಳೆಯಷ್ಟು ಮೇಲಕ್ಕೆ. ಒಣಗಿದ ಮೇಲೆ 180 ಅಥವಾ 220 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಮಟ್ಟ ಮಾಡಿ.

ಪುಟ್ಟಿ ಹಚ್ಚಿದ ಕಡೆ ಬಣ್ಣ ತಾಗಿಸಬೇಕೇ? ಇಡೀ ಮನೆಗೆ ಬಣ್ಣ?

ಕೊಂಡವರನ್ನು ಕೇಳಿ. ಹೆಚ್ಚಿನವರು ಒಳಬರುವ ಮುಂಚೆ ತಮಗೆ ಬೇಕಾದ ಬಣ್ಣ ಹೊಡೆಸುತ್ತಾರೆ, ಹಾಗಾಗಿ ತೂತು ಮುಚ್ಚಿ ಮಟ್ಟ ಮಾಡಿದರೆ ಅವರಿಗೆ ಸಾಕು. ಅದೇ ಡಬ್ಬಿಯ ಬಣ್ಣವಾದರೂ ಹಳೆ ಗೋಡೆಯ ಮೇಲೆ ತೇಪೆ ಎದ್ದು ಕಾಣುತ್ತದೆ, ಯಾಕೆಂದರೆ ಗೋಡೆಯ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಡಬ್ಬಿಯದ್ದು ಮಾಸಿರುವುದಿಲ್ಲ. ರೋಲರ್‌ನಲ್ಲಿ ಹೊಡೆದ ಗೋಡೆಗೆ ಬ್ರಷ್ ಆಡಿಸಿದರೆ ಮೈಯೂ ಬೇರೆಯಾಗುತ್ತದೆ. ಹೊಡೆಯುವುದಿದ್ದರೆ ಮೂಲೆಯಿಂದ ಮೂಲೆಗೆ ಇಡೀ ಗೋಡೆ ಹೊಡೆಯಿರಿ.

ಕೊನೆಯ ವಾರದಲ್ಲಿ ಒಂದೇ ಒಂದು ಗೋಡೆಗೆ ಹೊಸ ಬಣ್ಣ ಕಂಡರೆ, ತೇವ ಮುಚ್ಚಿದ್ದಾರೆ ಎಂದು ಕೊಂಡವರು ಅನುಮಾನ ಪಡುವುದು ಸಹಜ. ತೇವವಿರುವ ಗೋಡೆಗೆ ಹೊಡೆದ ಬಣ್ಣ ಹೇಗೂ ಕೆಲವೇ ವಾರಗಳಲ್ಲಿ ಗುಳ್ಳೆ ಏಳುತ್ತದೆ.

ವಾಷಿಂಗ್ ಮಷೀನ್ ಬಿಚ್ಚಿದ ಮೇಲೆ ಅದರ ನಲ್ಲಿ ತೊಟ್ಟಿಕ್ಕುತ್ತಿದೆ. ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ.

ಬಿಗಿ ಮಾಡುವುದನ್ನು ಮೊದಲು ನಿಲ್ಲಿಸಿ. ವರ್ಷಗಟ್ಟಲೆ ತೆರೆದೇ ಇದ್ದ ನಲ್ಲಿಯ ಒಳಗಿನ ರಬ್ಬರ್ ಗಟ್ಟಿಯಾಗಿರುತ್ತದೆ, ಅದು ಕೂರುವ ಜಾಗದಲ್ಲಿ ಉಪ್ಪಿನ ಪದರ ಕಟ್ಟಿರುತ್ತದೆ. ಜೋರಾಗಿ ತಿರುಗಿಸಿದರೆ ರಬ್ಬರ್ ಹರಿಯುತ್ತದೆ, ಇಲ್ಲವೇ ಹಿಡಿಕೆ ಕೈಗೆ ಬರುತ್ತದೆ. ಕೆಳಗೆ ಬಕೆಟ್ ಇಟ್ಟು ಹತ್ತು ಸಲ ಪೂರ್ತಿ ತೆರೆದು ಮುಚ್ಚಿ. ಸಡಿಲವಾದ ಉಪ್ಪು ನೀರಿನ ಜೊತೆ ಹೊರಗೆ ಬಂದು ಎಷ್ಟೋ ಸಲ ಇಷ್ಟಕ್ಕೇ ನಿಲ್ಲುತ್ತದೆ.

ನಿಲ್ಲದಿದ್ದರೆ ನಲ್ಲಿಯ ಬಾಯಿಗೆ ಎಂಡ್ ಕ್ಯಾಪ್ ಹಾಕಿ. ಮಷೀನಿನ ಪೈಪ್ ಕೂರುವ ಮರೆ (ಥ್ರೆಡ್) ಸಾಮಾನ್ಯವಾಗಿ ಮುಕ್ಕಾಲು ಇಂಚಿನದು. ಒಳಗೆ ಚಪ್ಪಟೆ ರಬ್ಬರ್ ವಾಷರ್ ಇರುವ ಕ್ಯಾಪ್ ಆದರೆ ಟೇಪ್ ಬೇಕಿಲ್ಲ, ಕೈಯಲ್ಲಿ ತಿರುಗಿಸಿ ಕೊನೆಗೆ ಕಾಲು ಸುತ್ತು ಸ್ಪ್ಯಾನರ್ ಸಾಕು. ನಲ್ಲಿಯನ್ನೇ ಬಿಚ್ಚಿ ಗೋಡೆಯ ಪೈಪಿಗೆ ಪ್ಲಗ್ ಹಾಕುವುದಾದರೆ ಮೊದಲು ಮೇನ್ ವಾಲ್ವ್ ಮುಚ್ಚಿ, ಪ್ಲಗ್‌ನ ಮರೆಗೆ ಟೆಫ್ಲಾನ್ ಟೇಪನ್ನು ಸುಮಾರು ಹತ್ತು ಸುತ್ತು ಸುತ್ತಿ. ಮರೆಯ ಬಾಯಿ ನಿಮ್ಮ ಕಡೆ ಮುಖ ಮಾಡಿರುವಾಗ ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತಬೇಕು. ತಿರುವುಮುರುವು ಸುತ್ತಿದರೆ ಬಿಗಿ ಮಾಡುವಾಗ ಟೇಪ್ ಬಿಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಪೈಪಿಗೆ ಹಿತ್ತಾಳೆ ಪ್ಲಗ್ ಹಾಕುವಾಗ ಬಲ ಹೆಚ್ಚಾದರೆ ಗೋಡೆಯೊಳಗಿನ ಕೂಡುಭಾಗ ಸೀಳಿಬಿಡುತ್ತದೆ. ಒಂದು ರಾತ್ರಿ ಕೆಳಗೆ ಒಣ ಪೇಪರ್ ಹಾಸಿ ಬಿಡಿ. ಬೆಳಿಗ್ಗೆ ಪೇಪರ್ ಮೇಲೆ ಒಂದು ಹನಿಯ ಗುರುತೂ ಇರಬಾರದು.

ಈ ಒಂದು ಕೆಲಸಕ್ಕೇ ಒಂದು ರಾತ್ರಿ ಬೇಕಾಯಿತಲ್ಲ. ನಡುವೆ ಎರಡು ದಿನ ಬೇಕು ಎಂದದ್ದು ಇದಕ್ಕೇ.

ಬೇರೆಲ್ಲಾದರೂ ನೀರು ಸೋರುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಮನೆಯ ಎಲ್ಲ ನಲ್ಲಿ ಮುಚ್ಚಿ, ನೀರಿನ ಮೀಟರಿನ ಅಂಕಿ ಬರೆದುಕೊಳ್ಳಿ. ಒಂದು ಗಂಟೆ ಬಿಟ್ಟು ನೋಡಿ. ಓಡಿದ್ದರೆ ಮೀಟರಿನಿಂದ ಈಚೆಗೆ ಎಲ್ಲೋ ಸೋರಿಕೆ ಇದೆ. ಓವರ್‌ಹೆಡ್ ಟ್ಯಾಂಕ್ ತುಂಬುತ್ತಿದ್ದರೂ ಮೀಟರ್ ಓಡುತ್ತದೆ, ಅದು ತುಂಬಿ ನಿಂತ ಮೇಲೆ ಪರೀಕ್ಷಿಸಿ. ಮೊದಲ ಅನುಮಾನ ಕಮೋಡಿನ ಫ್ಲಶ್ ಟ್ಯಾಂಕ್ ಮೇಲಿರಲಿ. ಅದಕ್ಕೆ ಅಡುಗೆಗೆ ಬಳಸುವ ಬಣ್ಣ ಹತ್ತು ಹನಿ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನೊಳಗೆ ಬಣ್ಣ ಇಳಿದಿದ್ದರೆ ತಳದ ರಬ್ಬರ್ ಸೀಲ್ ಬದಲಾಯಿಸಬೇಕು.

ಇದೇ ಹೊತ್ತಿನಲ್ಲಿ ಮೇನ್ ವಾಲ್ವ್ ಒಮ್ಮೆ ತಿರುಗಿಸಿ ನೋಡಿ. ಎಷ್ಟೋ ಮನೆಗಳಲ್ಲಿ ಅದು ಕಟ್ಟಿದ ದಿನದಿಂದ ತಿರುಗಿರುವುದಿಲ್ಲ. ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಎಂದು ನಿಧಾನಕ್ಕೆ ಸಡಿಲಿಸಿ. ಒಂದೇ ಏಟಿಗೆ ಬಲ ಹಾಕಿದರೆ ಒಳಗಿನ ದಂಡ ಮುರಿದು ವಾಲ್ವ್ ಅರ್ಧಕ್ಕೆ ನಿಂತೀತು.

ಫ್ರಿಜ್, ವಾಷಿಂಗ್ ಮಷೀನ್ ಸಾಗಿಸುವ ಮುಂಚೆ?

ಫ್ರಿಜ್ಜನ್ನು 24 ಗಂಟೆ ಮುಂಚೆ ಆಫ್ ಮಾಡಿ, ಬಾಗಿಲಿಗೆ ಮಡಚಿದ ಬಟ್ಟೆ ಕೊಟ್ಟು ತೆರೆದಿಡಿ. ಹಿಂದಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲುವುದನ್ನು ಮರೆತರೆ ಆ ನಾತದ ನೀರು ಲಾರಿಯಲ್ಲಿ ನಿಮ್ಮ ಹಾಸಿಗೆ ಮೇಲೆ ಬೀಳುತ್ತದೆ. ನಿಲ್ಲಿಸಿಯೇ ಸಾಗಿಸಬೇಕು. ಅನಿವಾರ್ಯವಾಗಿ ಮಲಗಿಸಿದ್ದರೆ ಹೊಸ ಮನೆಯಲ್ಲಿ ನಿಲ್ಲಿಸಿ ಒಂದು ದಿನ ಬಿಟ್ಟು ಆನ್ ಮಾಡಿ, ಕಂಪ್ರೆಸರ್‌ನಿಂದ ಪೈಪಿಗೆ ಹರಿದ ಎಣ್ಣೆ ವಾಪಸ್ ಇಳಿಯಬೇಕು.

ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನಿಗೆ ಬರುವಾಗ ಹಿಂಬದಿಯಲ್ಲಿ ಮೂರೋ ನಾಲ್ಕೋ ಉದ್ದ ಬೋಲ್ಟ್ ಇದ್ದವು. ಡ್ರಮ್ ಅಲುಗಾಡದಂತೆ ಹಿಡಿಯುವುದು ಅವೇ. ಹುಡುಕಿ ಹಾಕಿ. ಸಿಗದಿದ್ದರೆ ಅದೇ ಮಾದರಿಯದ್ದನ್ನು ತರಿಸಿ.

ಎಸಿ ಮತ್ತು ಗ್ಯಾಸ್ ಒಲೆ ಬಿಚ್ಚುವುದು ನಾವೇ ಮಾಡಬಹುದೇ?

ಎಸಿ ಬೇಡ. ಬಿಚ್ಚುವ ಮುಂಚೆ ಒಳಗಿನ ಅನಿಲವನ್ನು ಹೊರಗಿನ ಯೂನಿಟ್‌ಗೆ ಎಳೆದುಕೊಳ್ಳಬೇಕು: ಎಸಿ ಓಡುತ್ತಿರುವಾಗ ಸಣ್ಣ ಪೈಪಿನ ವಾಲ್ವ್ ಮುಚ್ಚಿ, ಗೇಜ್ ನೋಡಿ ದಪ್ಪ ಪೈಪಿನದ್ದನ್ನು ಮುಚ್ಚಿ, ಕೂಡಲೇ ಆಫ್ ಮಾಡುವುದು. ಇದನ್ನು ಮಾಡದೆ ಪೈಪ್ ಬಿಚ್ಚಿದರೆ ಅನಿಲವೆಲ್ಲ ಗಾಳಿಗೆ ಹೋಗುತ್ತದೆ, ಕೈ ಚರ್ಮವೂ ಸುಡುತ್ತದೆ. ಟೆಕ್ನಿಷಿಯನ್ ಹೋದ ಮೇಲೆ ಗೋಡೆಯಲ್ಲಿ ಉಳಿಯುವ ದೊಡ್ಡ ತೂತನ್ನು ಹೊರಗಿನಿಂದಲೂ ಸಿಮೆಂಟಿನಲ್ಲಿ ಮುಚ್ಚಿಸಿ. ಮರೆತರೆ ಮಳೆ ನೀರು, ಜೇನು, ಹಲ್ಲಿ ಎಲ್ಲಕ್ಕೂ ಅದೇ ದಾರಿ.

ಪೈಪಿನ ಗ್ಯಾಸ್ ಆದರೆ ಸರಬರಾಜು ಮಾಡುವವರ ಕಡೆಯ ಜನರೇ ಬಿಚ್ಚಿ ಪೈಪಿನ ಬಾಯಿಗೆ ಕ್ಯಾಪ್ ಹಾಕಬೇಕು. ವಾಲ್ವ್ ಮುಚ್ಚಿದೆ ಎಂದು ಬಾಯಿ ತೆರೆದು ಬಿಡುವಂತಿಲ್ಲ, ಹೊಸಬರು ಯಾವುದರ ಹಿಡಿಕೆ ಎಂದು ಗೊತ್ತಿಲ್ಲದೆ ತಿರುಗಿಸಿಯಾರು. ಕ್ಯಾಪ್ ಮೇಲೆ ಸಾಬೂನು ನೊರೆ ಹಚ್ಚಿ ನೋಡಿ, ಗುಳ್ಳೆ ಬಂದರೆ ಸೋರುತ್ತಿದೆ ಎಂದೇ ಅರ್ಥ. ಕಡ್ಡಿ ಗೀರಿ ನೋಡುವ ಸಾಹಸ ಯಾರೂ ಮಾಡಬಾರದು.

ಮನೆ ಎಷ್ಟು ಸ್ವಚ್ಛವಾಗಿರಬೇಕು?

ಗುಡಿಸಿ, ಒರೆಸಿ, ಕಸವೆಲ್ಲ ಹೊರಗೆ ಹಾಕಿರಬೇಕು ಎಂಬುದು ಕನಿಷ್ಠ. ಅದಕ್ಕಿಂತ ಸ್ವಲ್ಪ ಹೆಚ್ಚು ಮಾಡಿ. ಮೇಲಿನಿಂದ ಕೆಳಕ್ಕೆ, ಒಳಕೋಣೆಯಿಂದ ಬಾಗಿಲ ಕಡೆಗೆ ಬನ್ನಿ. ಫ್ಯಾನ್ ರೆಕ್ಕೆ, ಕಪಾಟಿನ ತಲೆ, ಕಿಟಕಿಯ ಜಾರುಗಾಲುವೆ, ಸ್ವಿಚ್ ಬೋರ್ಡಿನ ಸುತ್ತಲಿನ ಕೈಗುರುತು: ಕೊಂಡವರ ಕಣ್ಣು ಮೊದಲು ಹೋಗುವುದು ಇಲ್ಲಿಗೆ.

ಚಿಮಣಿಯ ಸ್ಟೀಲ್ ಜಾಲರಿಯನ್ನು ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿದರೆ ಜಿಡ್ಡು ತಾನಾಗಿ ಬಿಡುತ್ತದೆ. ಅಲ್ಯೂಮಿನಿಯಂ ಜಾಲರಿಗೆ ಸೋಡಾ ಬೇಡ, ಕಪ್ಪಾಗುತ್ತದೆ. ಪಾತ್ರೆ ತೊಳೆಯುವ ಸೋಪೇ ಸಾಕು. ನಲ್ಲಿ, ಶವರ್ ಮೇಲಿನ ಬಿಳಿ ಕಲೆಗೆ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಒಂದು ಗಂಟೆ ಸುತ್ತಿಡಿ. ಅದೇ ವಿನೆಗರ್ ಅಮೃತಶಿಲೆಯ ಮೇಲೆ ಬಿದ್ದರೆ ಹೊಳಪು ತಿಂದು ಮಂಕು ಗುರುತು ಬಿಡುತ್ತದೆ, ಅದು ಒರೆಸಿದರೆ ಹೋಗುವಂಥದ್ದಲ್ಲ. ಸಿಂಕಿನ ಸುತ್ತಲಿನ ಸಿಲಿಕೋನ್ ಕಪ್ಪಾಗಿದ್ದರೆ ಟಿಶ್ಯೂ ಪೇಪರನ್ನು ಬ್ಲೀಚ್‌ನಲ್ಲಿ ಅದ್ದಿ ಅದರ ಮೇಲೆ ಕೆಲವು ಗಂಟೆ ಅಂಟಿಸಿಡಿ. ಹೋಗದಿದ್ದರೆ ಕಪ್ಪು ಒಳಗೆ ಇಳಿದಿದೆ. ಕತ್ತರಿಸಿ ತೆಗೆದು, ಸಂದು ಪೂರ್ತಿ ಒಣಗಿದ ಮೇಲೆ ಹೊಸದು ಹಾಕಿ, 24 ಗಂಟೆ ನೀರು ತಾಗಿಸಬೇಡಿ.

ಬ್ಲೀಚ್ ಮತ್ತು ಕಮೋಡ್ ತೊಳೆಯುವ ಆಸಿಡ್ ಎರಡನ್ನೂ ಒಟ್ಟಿಗೆ, ಅಥವಾ ಒಂದಾದ ಕೂಡಲೇ ಇನ್ನೊಂದನ್ನು ಬಳಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಚಿಕ್ಕ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಉಜ್ಜುವವರಿಗೆ ಅದು ಪ್ರಾಣಾಪಾಯ.

ನೀರಿನ ಟ್ಯಾಂಕ್ ತೊಳೆಸಬೇಕೇ?

ತೊಳೆಸಿದರೆ ಒಳ್ಳೆಯದು, ದಿನಾಂಕವನ್ನೂ ಬರೆದಿಡಿ. ನೀರು ಖಾಲಿ ಮಾಡಿ, ತಳದ ಕೆಸರು ತೆಗೆದು, ಗೋಡೆ ಉಜ್ಜಿ ತೊಳೆದು ಮತ್ತೆ ತುಂಬಿಸಿ. 1000 ಲೀಟರ್ ನೀರಿಗೆ ಶೇ 5ರ ದ್ರವ ಬ್ಲೀಚ್ 1 ಲೀಟರ್ ಹಾಕಿ 24 ಗಂಟೆ ಬಿಟ್ಟು, ಪೂರ್ತಿ ಚೆಲ್ಲಿ, ಹೊಸ ನೀರು ತುಂಬಿಸಿ. ಆ ಒಂದು ದಿನ ಟ್ಯಾಂಕಿನ ನೀರನ್ನು ಯಾರೂ ಬಳಸಬಾರದು. ಚೆಲ್ಲುವ ನೀರು ಗಿಡಕ್ಕೂ ಮೀನಿನ ಕೊಳಕ್ಕೂ ಹರಿಯದಂತೆ ನೋಡಿಕೊಳ್ಳಿ. ಒಳಗೆ ಇಳಿಯುವಷ್ಟು ದೊಡ್ಡ ಟ್ಯಾಂಕ್ ಅಥವಾ ಸಂಪ್ ಆದರೆ ಒಬ್ಬರೇ ಇಳಿಯುವಂತಿಲ್ಲ. ಮುಚ್ಚಳ ತೆಗೆದು ಗಾಳಿಯಾಡಿಸಿ, ಮೇಲೊಬ್ಬರು ನಿಂತಿರಬೇಕು.

ಮನೆಯಲ್ಲಿ ನಾಯಿ, ಬೆಕ್ಕು ಇದ್ದವು. ಬೇರೆ ಏನಾದರೂ ಮಾಡಬೇಕೇ?

ಚಿಗಟದ ಬಗ್ಗೆ ಎಚ್ಚರ. ಚಿಗಟದ ಗೂಡುಹುಳು ನೆಲದ ಸಂದಿನಲ್ಲಿ, ಕಾರ್ಪೆಟ್‌ನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತದೆ. ಮನೆ ಖಾಲಿಯಿದ್ದಾಗ ಏನೂ ಕಾಣುವುದಿಲ್ಲ. ಹೊಸಬರು ಬಂದು ನಡೆದಾಡಿದಾಗ ಆ ಕಂಪನಕ್ಕೆ, ಮೈ ಶಾಖಕ್ಕೆ ಎಲ್ಲ ಒಟ್ಟಿಗೆ ಹೊರಬೀಳುತ್ತವೆ. ಪ್ರಾಣಿ ಮಲಗುತ್ತಿದ್ದ ಜಾಗ, ಗೋಡೆ ಅಂಚು, ಸಂದುಗಳನ್ನು ಎರಡು ಮೂರು ಸಲ ವ್ಯಾಕ್ಯೂಮ್ ಮಾಡಿ, ಕಸದ ಚೀಲವನ್ನು ಕಟ್ಟಿ ಕೂಡಲೇ ಹೊರಗೆ ಹಾಕಿ.

ಮಿಕ್ಕ ಬಣ್ಣ, ಟೈಲ್ಸ್, ಹಳೆ ಸಾಮಾನು ಅಲ್ಲೇ ಬಿಡಬಹುದೇ?

ಈ ಮನೆಗೇ ಹೊಂದುವ ಟೈಲ್ಸ್, ಕಲ್ಲಿನ ತುಂಡು, ಬೀಗದ ಬಿಡಿಭಾಗ ಬಿಡಿ. ಆ ಟೈಲ್ ಮುಂದೆ ಮಾರುಕಟ್ಟೆಯಲ್ಲಿ ಸಿಗುವ ಖಾತ್ರಿ ಇಲ್ಲ, ಹಾಗಾಗಿ ಹತ್ತು ತುಂಡಿದ್ದರೂ ಅವರಿಗೆ ಬಂಗಾರ. ಬಣ್ಣದ ಡಬ್ಬಿ ಗಟ್ಟಿಯಾಗಿಲ್ಲದಿದ್ದರೆ ಮೇಲೆ ಕೋಣೆಯ ಹೆಸರು, ಹೊಡೆದ ವರ್ಷ ಬರೆದಿಡಿ. ಗಟ್ಟಿಯಾದದ್ದು ಕಸವೇ.

ಮುರಿದ ಕುರ್ಚಿ, ಹಳೆ ಹಾಸಿಗೆ, ‘ಅವರಿಗೆ ಉಪಯೋಗಕ್ಕೆ ಬರಬಹುದು’ ಎಂಬ ಸಾಮಾನು ಬೇಡ. ಬಿಡುವುದಾದರೆ ಕೇಳಿ ಬಿಡಿ. ಅಟ್ಟದ ಮೇಲೊಮ್ಮೆ ಟಾರ್ಚ್ ಹಾಕಿ ನೋಡಿ, ಮರೆತದ್ದು ಇರುವುದು ಅಲ್ಲೇ. ಉಳಿದ ಬಣ್ಣವನ್ನು ಮೋರಿಗೆ ಸುರಿಯಬೇಡಿ. ಟ್ಯೂಬ್‌ಲೈಟ್‌ನಲ್ಲಿ ಪಾದರಸ, ಇನ್ವರ್ಟರ್ ಬ್ಯಾಟರಿಯಲ್ಲಿ ಸೀಸ ಮತ್ತು ಆಸಿಡ್ ಇರುತ್ತದೆ. ಇವು ಮನೆ ಕಸದ ಜೊತೆ ಹೋಗುವಂಥವಲ್ಲ.

ಕೀಲಿಗಳನ್ನು ಹೇಗೆ ಕೊಡಬೇಕು?

ಎಣಿಸಿ, ಬರೆದು, ಸಹಿ ಪಡೆದು. ಮನೆಗೆಲಸದವರ ಹತ್ತಿರ, ಪಕ್ಕದ ಮನೆಯವರ ಹತ್ತಿರ, ಊರಲ್ಲಿರುವ ಅಕ್ಕನ ಹತ್ತಿರ ಇರುವ ಪ್ರತಿಗಳನ್ನು ಎರಡು ವಾರ ಮುಂಚೆಯೇ ಕೇಳಿ ತರಿಸಿಕೊಳ್ಳಿ. ಒಂದೊಂದನ್ನೂ ಅದರ ಬೀಗಕ್ಕೆ ಹಾಕಿ ತಿರುಗಿಸಿ ನೋಡಿ. ಟೆರೇಸ್, ಮೀಟರ್ ಪೆಟ್ಟಿಗೆ, ಪಂಪ್ ಕೋಣೆ, ಅಂಚೆ ಪೆಟ್ಟಿಗೆ, ಕಪಾಟಿನ ಡ್ರಾಯರ್, ಕಿಟಕಿಯ ಪುಟ್ಟ ಕೀಲಿ ಇವೆಲ್ಲ ಸೇರಬೇಕು. ಪ್ರತಿಯೊಂದಕ್ಕೂ ಚೀಟಿ ಕಟ್ಟಿ, ಆದರೆ ಚೀಟಿಯಲ್ಲಿ ವಿಳಾಸ ಬೇಡ. ದಾರಿಯಲ್ಲಿ ಬಿದ್ದರೆ ಸಿಕ್ಕವರಿಗೆ ಮನೆಯೇ ಸಿಕ್ಕಂತೆ.

ಮುಂಬಾಗಿಲ ಬೀಗವನ್ನು ಬದಲಾಯಿಸಿಕೊಳ್ಳಿ ಎಂದು ಕೊಂಡವರಿಗೆ ನೀವೇ ಹೇಳಿ. ಮುಂದೆ ಏನಾದರೂ ಕಳುವಾದರೆ ನಿಮ್ಮ ಹೆಸರು ಬಾರದಿರಲಿಕ್ಕೂ ಇದು ಒಳ್ಳೆಯದು.

ಕ್ಯಾಮೆರಾ, ಡಿಜಿಟಲ್ ಬೀಗ, ವೈಫೈ ಏನು ಮಾಡುವುದು?

ರೀಸೆಟ್ ಬಟನ್ ಒತ್ತಿದರೆ ಮುಗಿಯಿತು ಎಂದುಕೊಳ್ಳಬೇಡಿ. ಹಲವು ಕ್ಯಾಮೆರಾ, ಡೋರ್‌ಬೆಲ್‌ಗಳು ರೀಸೆಟ್ ಆದ ಮೇಲೂ ಹಳೆಯ ಖಾತೆಗೇ ಅಂಟಿಕೊಂಡಿರುತ್ತವೆ. ಹೊಸಬರು ತಮ್ಮ ಫೋನಿಗೆ ಸೇರಿಸಲು ಹೋದರೆ ‘ಇದು ಬೇರೆಯವರ ಹೆಸರಿನಲ್ಲಿದೆ’ ಎಂದು ಬರುತ್ತದೆ. ಮೊದಲು ಆ್ಯಪ್‌ನಲ್ಲಿ ನಿಮ್ಮ ಖಾತೆಯಿಂದ ಸಾಧನವನ್ನು ತೆಗೆದುಹಾಕಿ, ಆಮೇಲೆ ರೀಸೆಟ್ ಮಾಡಿ. ಮನೆಯ ಇತರರ ಫೋನುಗಳನ್ನೂ ಮರೆಯಬೇಡಿ. ರೆಕಾರ್ಡರ್‌ನ ಹಾರ್ಡ್‌ಡಿಸ್ಕ್ ಅಳಿಸಿ. ಡಿಜಿಟಲ್ ಬೀಗದ ಬೆರಳಚ್ಚು, ಪಿನ್ ಎಲ್ಲ ಅಳಿಸಿ, ಹೊಸ ಮಾಸ್ಟರ್ ಪಿನ್ ಅನ್ನು ಅವರ ಕೈಯಲ್ಲೇ ಹಾಕಿಸಿ. ವೈಫೈ ಕೊನೆಯ ದಿನದವರೆಗೂ ಇರಲಿ, ಇದನ್ನೆಲ್ಲ ಮಾಡಲು ಅದೇ ಬೇಕು.

ಕೊಂಡವರಿಗೆ ಯಾವ ಕಾಗದ ಕೊಡಬೇಕು?

ಆಸ್ತಿಯ ಮೂಲಪತ್ರಗಳನ್ನು ವಕೀಲರು ನೋಡಿಕೊಳ್ಳುತ್ತಾರೆ. ಅದರಾಚೆಗೆ ಒಂದು ಫೈಲ್ ಮಾಡಿ: ಮನೆಯ ನಕ್ಷೆ, ವೈರಿಂಗ್ ಮತ್ತು ಪೈಪ್ ನಕ್ಷೆ, ಕೊನೆಯ ತೆರಿಗೆ ರಸೀದಿ ಮತ್ತು ಬಿಲ್‌ಗಳು, ಉಳಿಯುವ ಉಪಕರಣಗಳ ವಾರಂಟಿ ಮತ್ತು ಕೈಪಿಡಿ, ವಾಟರ್‌ಪ್ರೂಫಿಂಗ್ ಖಾತ್ರಿಪತ್ರ. ಗೋಡೆ ಮುಚ್ಚುವ ಮುಂಚೆ ಪೈಪ್ ಹಾದುಹೋದ ಫೋಟೊ ಇದ್ದರೆ ಅದನ್ನು ಖಂಡಿತ ಸೇರಿಸಿ, ಡ್ರಿಲ್ ಹಾಕುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇನ್ನೊಂದು ಹಾಳೆ ಬೇಕು, ಅದು ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಇಷ್ಟು ವರ್ಷ ನಿಮ್ಮ ಕೈಗೆ ಮಾತ್ರ ಗೊತ್ತಿದ್ದದ್ದು: ಮೇನ್ ವಾಲ್ವ್ ಎಲ್ಲಿ, ಯಾವ ಎಂಸಿಬಿ ಯಾವ ಕೋಣೆಗೆ, ಮೋಟಾರ್ ಎಷ್ಟು ಹೊತ್ತಿಗೆ ಟ್ಯಾಂಕ್ ತುಂಬುತ್ತದೆ, ಹಿಂಬಾಗಿಲು ಎತ್ತಿ ಹಿಡಿದರೆ ಮಾತ್ರ ಚಿಲಕ ಬೀಳುತ್ತದೆ, ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಯಾವ ಕಲ್ಲಿನ ಕೆಳಗಿದೆ, ಕೊನೆಗೆ ಖಾಲಿ ಮಾಡಿಸಿದ್ದು ಯಾವಾಗ. ಒಂದು ದಿನ ಇಡೀ ಮನೆಯಲ್ಲಿ ಪೆನ್ನು ಹಿಡಿದು ಓಡಾಡಿ, ಕೈ ತಾನಾಗಿ ಏನೇನು ಮಾಡುತ್ತದೆ ನೋಡಿ ಬರೆಯಿರಿ. ಕುಳಿತು ನೆನಪಿಸಿಕೊಂಡರೆ ಅರ್ಧ ಬಿಟ್ಟುಹೋಗುತ್ತದೆ. ಹೊಗೆ ಸೂಚಕ ಇದ್ದರೆ ಅದರ ಹಿಂಬದಿಯ ತಯಾರಿಕೆ ದಿನಾಂಕವನ್ನೂ ಬರೆಯಿರಿ, 10 ವರ್ಷ ದಾಟಿದ್ದರೆ ಬದಲಾಯಿಸಬೇಕು.

ವಿದ್ಯುತ್, ನೀರಿನ ಸಂಪರ್ಕ ಕಡಿತಗೊಳಿಸಬೇಕೇ?

ಬೇಡ, ಹೆಸರು ವರ್ಗಾಯಿಸಿ. ಕಡಿತ ಮಾಡಿಸಿದರೆ ಹೊಸದಾಗಿ ಸಂಪರ್ಕ ಪಡೆಯಲು ಅವರು ಅಲೆಯಬೇಕಾಗುತ್ತದೆ, ಕೊನೆಯ ಪರಿಶೀಲನೆಗೂ ಕರೆಂಟ್ ಇರುವುದಿಲ್ಲ. ಕೀಲಿ ಕೊಡುವ ದಿನ ಎರಡೂ ಮೀಟರಿನ ಫೋಟೊ ತೆಗೆಯಿರಿ. ಅಂಕಿಯೂ ಮೀಟರ್ ಸಂಖ್ಯೆಯೂ ಒಂದೇ ಫೋಟೊದಲ್ಲಿ ಬರಲಿ. ಸೋಲಾರ್ ಇದ್ದರೆ ಹೊರಗೆ ಕೊಟ್ಟ ಯೂನಿಟ್‌ನ ಅಂಕಿಯೂ ಬೇಕು. ಆ ಅಂಕಿಯವರೆಗಿನ ಬಿಲ್ ನಿಮ್ಮದು. ನೀವು ಕಟ್ಟಿದ ಠೇವಣಿ ಇದ್ದರೆ ಅದು ವಾಪಸ್ ಬರುತ್ತದೋ ಹೊಸಬರ ಹೆಸರಿಗೆ ಹೋಗುತ್ತದೋ ಮೊದಲೇ ವಿಚಾರಿಸಿ ಲೆಕ್ಕಕ್ಕೆ ಸೇರಿಸಿ.

ಮನೆ ವಿಮೆ ಯಾವಾಗ ನಿಲ್ಲಿಸಬಹುದು?

ಒಡೆತನ ವರ್ಗವಾಗಿ, ಹಣ ಬಂದು, ಕೀಲಿ ಹೋದ ಮೇಲೆ. ಒಂದು ದಿನವೂ ಮುಂಚೆ ಬೇಡ. ನೀವು ಮೊದಲೇ ಬೇರೆಡೆ ಹೋಗಿ ಮನೆ ಖಾಲಿ ಬಿಡುವುದಾದರೆ ಪಾಲಿಸಿ ಓದಿ, ಇಂತಿಷ್ಟು ದಿನಕ್ಕಿಂತ ಹೆಚ್ಚು ಖಾಲಿಯಿದ್ದರೆ ಪರಿಹಾರ ಕೊಡದ ಪಾಲಿಸಿಗಳಿವೆ.

ಬಣ್ಣ ಹೊಡೆಸಲು ಮೊದಲೇ ಕೀಲಿ ಕೊಡಿ ಎಂದು ಕೇಳುತ್ತಿದ್ದಾರೆ. ಕೊಡಬಹುದೇ?

ಕೊಡದಿರುವುದೇ ಕ್ಷೇಮ. ಅವರು ಗೋಡೆ ಒಡೆದ ಮೇಲೆ ವ್ಯವಹಾರ ಮುರಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಒಡೆದ ಮನೆ. ಕೆಲಸದವರು ಏಣಿಯಿಂದ ಬಿದ್ದರೆ ಮನೆಯ ಮಾಲೀಕರು ಇನ್ನೂ ನೀವೇ. ಅಳತೆ ತೆಗೆಯಲು, ಬಣ್ಣ ಆರಿಸಲು ಎಷ್ಟು ಸಲ ಬೇಕಾದರೂ ನೀವಿರುವಾಗ ಬರಲಿ. ಚೆಕ್ ಕೈಗೆ ಬಂದದ್ದು ಹಣ ಬಂದಂತಲ್ಲ, ಖಾತೆಗೆ ಜಮೆಯಾದ ಮೇಲೆಯೇ ಕೀಲಿ.

ನಾವೇ ಕೆಲವು ದಿನ ಹೆಚ್ಚು ಉಳಿಯಬೇಕಾಗಿದೆ.

ಕೇಳಿ, ಆದರೆ ಬರವಣಿಗೆಯಲ್ಲಿ. ಯಾವ ತಾರೀಕಿನವರೆಗೆ, ದಿನಕ್ಕೆ ಎಷ್ಟು ಬಾಡಿಗೆ, ಏನಾದರೂ ಕೆಟ್ಟರೆ ಯಾರ ಖರ್ಚು ಎಂಬ ಮೂರೂ ಇರಲಿ.

ಕೊಂಡವರ ಜೊತೆಗಿನ ಕೊನೆಯ ಪರಿಶೀಲನೆ ಹೇಗೆ ನಡೆಯಬೇಕು?

ಖಾಲಿ ಮನೆಯಲ್ಲಿ, ಹಗಲು ಬೆಳಕಿನಲ್ಲಿ, ಒಂದು ಗಂಟೆ ಬಿಡುವು ಮಾಡಿಕೊಂಡು. ಎಲ್ಲ ನಲ್ಲಿ ತೆರೆದು ಎರಡು ನಿಮಿಷ ಬಿಟ್ಟು ಸಿಂಕಿನ ಕೆಳಗೆ ಕೈ ಆಡಿಸಿ ನೋಡಲಿ. ಎಲ್ಲ ಫ್ಲಶ್, ಎಲ್ಲ ಸ್ವಿಚ್, ಎಲ್ಲ ಕಿಟಕಿ. ಫೋನ್ ಚಾರ್ಜರ್ ಒಂದನ್ನು ಹಿಡಿದುಕೊಂಡರೆ ಸಾಕೆಟ್‌ಗಳನ್ನೆಲ್ಲ ಹತ್ತು ನಿಮಿಷದಲ್ಲಿ ನೋಡಿಬಿಡಬಹುದು. ಗೀಸರನ್ನು ಅವರು ಬರುವ ಅರ್ಧ ಗಂಟೆ ಮುಂಚೆ ಹಾಕಿಟ್ಟಿರಿ. ಕಂಡ ದೋಷಗಳನ್ನು ಅಲ್ಲೇ ಬರೆದು, ಯಾರು, ಯಾವಾಗ, ಯಾರ ಖರ್ಚಿನಲ್ಲಿ ಎಂದು ನಮೂದಿಸಿ, ಕೀಲಿಯ ಎಣಿಕೆ ಮತ್ತು ಮೀಟರ್ ಅಂಕಿಯನ್ನೂ ಅದೇ ಹಾಳೆಯಲ್ಲಿ ಸೇರಿಸಿ, ಎರಡು ಪ್ರತಿಗೆ ಇಬ್ಬರೂ ಸಹಿ ಮಾಡಿ. ಪ್ರತಿ ಕೋಣೆಯ ನಾಲ್ಕು ಗೋಡೆ ಮತ್ತು ನೆಲದ ಫೋಟೊ ನಿಮ್ಮ ಫೋನಿನಲ್ಲಿರಲಿ. ತಿಂಗಳ ಮೇಲೆ ‘ಈ ಬಿರುಕು ಆಗಲೇ ಇತ್ತು’ ಎಂಬ ಮಾತು ಬಂದರೆ ಅದೇ ಉತ್ತರ ಕೊಡುತ್ತದೆ.

ಕೀಲಿ ಕೊಟ್ಟ ಮೇಲೂ ಮನೆ ಕೆಲವು ವಾರ ಖಾಲಿಯೇ ಇರುತ್ತದಂತೆ.

ಹಾಗಾದರೆ ಮೇನ್ ವಾಲ್ವ್ ಮುಚ್ಚಿ, ಗೀಸರ್ ಆಫ್ ಮಾಡಿ ಹೋಗಿ. ಬಚ್ಚಲ ಜಾಲರಿ, ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ, ಮೋರಿಯ ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು ಅದೇ. ಬಳಕೆ ಇಲ್ಲದಿದ್ದರೆ ಅದು ಕೆಲವು ವಾರಗಳಲ್ಲಿ ಆರುತ್ತದೆ. ಒಂದೊಂದಕ್ಕೂ ಒಂದು ಚೊಂಬು ನೀರು ಸುರಿದು ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆಯ ಪದರ ನೀರು ಬೇಗ ಆರದಂತೆ ತಡೆಯುತ್ತದೆ. ಹಿಮ ಬೀಳುವ ಜಾಗವಾದರೆ ಪೈಪ್‌ಗಳ ನೀರನ್ನು ಪೂರ್ತಿ ಇಳಿಸಬೇಕು, ಹೆಪ್ಪುಗಟ್ಟಿದ ನೀರು ಹಿಗ್ಗಿ ಪೈಪ್ ಸೀಳುತ್ತದೆ.

ವಿಳಾಸ ಬದಲಾವಣೆ ಎಲ್ಲೆಲ್ಲಿ?

ಬ್ಯಾಂಕ್, ವಿಮೆ, ತೆರಿಗೆ, ವಾಹನ, ಮಕ್ಕಳ ಶಾಲೆ, ಕೆಲಸದ ಜಾಗ. ಅಂಚೆ ಕಚೇರಿಯಲ್ಲಿ ಪತ್ರ ಮರುರವಾನೆಗೆ ಅವಕಾಶವಿದ್ದರೆ ಅರ್ಜಿ ಕೊಡಿ, ತಪ್ಪಿ ಬರುವ ಪತ್ರಗಳಿಗೆ ಕೊಂಡವರ ಹತ್ತಿರ ಒಂದು ಫೋನ್ ನಂಬರ್ ಬಿಡಿ. ಫೋನಿನಲ್ಲಿ ಸಾಮಾನು ತರಿಸುವ ಆ್ಯಪ್‌ಗಳಿಂದ ಹಳೆ ವಿಳಾಸವನ್ನು ಅಳಿಸಲು ಬಹಳ ಜನ ಮರೆಯುತ್ತಾರೆ. ಹೊಸ ಮನೆಯಲ್ಲಿ ಹಸಿದು ಕೂತು ಆರ್ಡರ್ ಮಾಡಿದ ಊಟ ಹಳೆ ಮನೆಯ ಬಾಗಿಲು ತಟ್ಟುತ್ತದೆ.